ಹನ್ನೆರಡರಲ್ಲಿ ಐದಕ್ಕೆ ಬೀಗ ಬೀಳಲಿಲ್ಲ

ಮೂರು ಮಳೆಗಾಲದ ಹಿಂದಿನ ಮಾತು. ಕಾಸರಗೋಡಿನ ಬದಿಯಡ್ಕ ಹತ್ತಿರದ ಒಂದು ಆಫೀಸಿಗೆ 12 ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ರೆಡಿ ಮಾಡಿ ಕೊಡಬೇಕಿತ್ತು. ಒಂದರಲ್ಲಿ ವಿಂಡೋಸ್ 10 ಪ್ರೊ, ಪ್ರಿಂಟರ್ ಡ್ರೈವರ್, ಕನ್ನಡ ಮಲಯಾಳ ಎರಡೂ ಕೀಬೋರ್ಡ್ ಹಾಕಿದೆ. ಅದರ ಇಮೇಜ್, ಅಂದರೆ ವಿಂಡೋಸ್ ಸಮೇತ ಎಲ್ಲದರ ನಕಲು, ತೆಗೆದು ಪೆನ್‌ಡ್ರೈವ್‌ನಿಂದ ಉಳಿದ 11ಕ್ಕೂ ಇಳಿಸಿದೆ. ಕೊನೆಗೆ ಡಿಸ್ಕಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸ್‌ನ ಬಿಟ್‌ಲಾಕರ್ ಆನ್ ಮಾಡಿದರೆ ಏಳು ಸುಮ್ನೆ ಒಪ್ಪಿಕೊಂಡವು, ಐದು ಒಪ್ಪಲಿಲ್ಲ. ಈ ಯಂತ್ರದಲ್ಲಿ ಟಿಪಿಎಂ ಬಳಸಲು ಆಗುವುದಿಲ್ಲ ಅಂತ ಮೆಸೇಜ್. ಟಿಪಿಎಂ ಅಂದರೆ ಆ ಬೀಗದ ಕೀ ಕಾಯುವ ಚಿಪ್.

ಒಂದೇ ಮಾಡೆಲ್, ಒಂದೇ ಇಮೇಜ್. ಹಾಗಾಗಿ ನಾನು ಟಿಪಿಎಂ ಚಿಪ್ಪನ್ನೇ ಬೈದೆ. ಬಯಾಸ್‌ಗೆ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್‌ಗೆ) ಹೋಗಿ ಅದನ್ನು ಆಫ್ ಮಾಡಿ ಆನ್ ಮಾಡಿದೆ, ಕ್ಲಿಯರ್ ಮಾಡಿದೆ. ಎರಡು ದಿನ ಹೋಯಿತು. ವಿಂಡೋಸ್‌ನ ಗ್ರೂಪ್ ಪಾಲಿಸಿ ಸೆಟ್ಟಿಂಗ್‌ನಲ್ಲಿ ಟಿಪಿಎಂ ಇಲ್ಲದೆಯೂ ಬಿಟ್‌ಲಾಕರ್ ನಡೆಯುವ ಹಾಗೆ ಮಾಡಬಹುದು. ಆದರೆ ಆಗ ಪ್ರತಿಸಲ ಬೂಟ್ ಆಗುವಾಗ ಇನ್ನೊಂದು ಪಾಸ್‌ವರ್ಡ್ ಹೊಡೆಯಬೇಕು, ಇಲ್ಲ ಕೀ ಇರುವ ಪೆನ್‌ಡ್ರೈವ್ ಸಿಕ್ಕಿಸಬೇಕು. ಒಂದರಲ್ಲಿ ಪಾಸ್‌ವರ್ಡ್ ಹಾಕಿ ತೋರಿಸಿದೆ. ಲೆಕ್ಕ ನೋಡುವ ಅಕ್ಕ, "ಇರುವ ಒಂದೇ ಪಾಸ್‌ವರ್ಡ್ ನೆನಪಿರುವುದಿಲ್ಲ ಮಾರಾಯ, ಇದು ಬೇಡ" ಅಂದರು. ಸರಿಯೇ.

ಮೂರನೇ ದಿನ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟು ಯಂತ್ರದ ವಿವರ ತೋರಿಸುವ ಎಂಎಸ್ಇನ್ಫೋ32 ತೆರೆದೆ. ಒಪ್ಪಿದ್ದರಲ್ಲಿ ಬಯಾಸ್ ಮೋಡ್ ಎದುರು ಯುಇಎಫ್ಐ (ಹೊಸ ಥರದ ಬೂಟ್) ಅಂತ ಇತ್ತು. ಒಪ್ಪದ್ದರಲ್ಲಿ ಲೆಗಸಿ, ಅಂದರೆ ಹಳೇ ಥರದ ಬೂಟ್! ಹಳೇ ಮಾಲೀಕರು ಯಾರೋ ಹಾಗೆ ಬಿಟ್ಟಿದ್ದರು. ನನ್ನ ಪೆನ್‌ಡ್ರೈವ್ ಎರಡೂ ಮೋಡಿನಲ್ಲಿ ಬೂಟ್ ಆಗುತ್ತಿತ್ತು. ಲೆಗಸಿಯಲ್ಲಿ ಬೂಟ್ ಆದ ಕಡೆ ಡಿಸ್ಕನ್ನು ಎಂಬಿಆರ್ ಎಂಬ ಹಳೇ ವಿಭಾಗ ಪದ್ಧತಿಗೆ ತಂದುಕೊಂಡು ಇಮೇಜ್ ಇಳಿಸಿತ್ತು. ಟಿಪಿಎಂ 2.0ಗೆ ಲೆಗಸಿ ಮೋಡ್ ಆಗಿ ಬರುವುದಿಲ್ಲ, ಯುಇಎಫ್ಐಯೇ ಬೇಕು. ಚಿಪ್ ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಮತ್ತೆ ಇಮೇಜ್ ಇಳಿಸಬೇಕಾಗಲಿಲ್ಲ. ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಅಂತ ಒಂದು ಟೂಲ್ ಇದೆ. ಫೈಲ್ ಅಳಿಸದೆ ಎಂಬಿಆರ್ ಡಿಸ್ಕನ್ನು ಯುಇಎಫ್ಐಗೆ ಬೇಕಾದ ಜಿಪಿಟಿ ಪದ್ಧತಿಗೆ ಬದಲಿಸುತ್ತದೆ. ಮೊದಲು ವ್ಯಾಲಿಡೇಟ್, ಆಮೇಲೆ ಕನ್ವರ್ಟ್, ಅದಾದ ಮೇಲೆ ಬಯಾಸ್‌ನಲ್ಲಿ ಯುಇಎಫ್ಐ. ಮೊದಲೇ ಬಯಾಸ್ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ನಾಲ್ಕು ಸರಿಯಾದವು. ಐದನೆಯದರಲ್ಲಿ ವ್ಯಾಲಿಡೇಟೇ ಫೇಲ್. ಏನೋ ಪರೀಕ್ಷೆ ಮಾಡಲು ಹೋಗಿ ಅದರಲ್ಲಿ ನಾಲ್ಕು ಪ್ರೈಮರಿ ಪಾರ್ಟಿಶನ್ (ಡಿಸ್ಕಿನ ಭಾಗ) ಮಾಡಿದ್ದೆ. ಈ ಟೂಲ್ ಮೂರಕ್ಕಿಂತ ಜಾಸ್ತಿ ಇದ್ದರೆ ಒಪ್ಪುವುದಿಲ್ಲ. ಖಾಲಿ ಇದ್ದ ಒಂದನ್ನು ಅಳಿಸಿದ ಮೇಲೆ ಅದೂ ದಾರಿಗೆ ಬಂತು.

ಎನ್‌ಕ್ರಿಪ್ಟ್ ಮಾಡುವಾಗ ಬಳಸಿದ ಜಾಗ ಮಾತ್ರವೋ, ಇಡೀ ಡ್ರೈವೋ ಅಂತ ಕೇಳುತ್ತದೆ. ಹೊಸ ಡಿಸ್ಕಿಗೆ ಮೊದಲನೆಯದು ಸಾಕು. ಇವು ಬೇರೆಯವರು ಬಳಸಿ ಬಿಟ್ಟವು, ಅಳಿಸಿದ ಫೈಲ್‌ಗಳು ಒಳಗೆ ಕೂತಿರುತ್ತವೆ ಅಲ್ವಾ? ಇಡೀ ಡ್ರೈವ್ ಅಂದೆ. ನಡುವೆ ಕರೆಂಟ್ ಹೋಗಿ, ಹಳೇ ಬ್ಯಾಟರಿಯ ಎರಡು ಲ್ಯಾಪ್‌ಟಾಪ್ ಸತ್ತವು. ಆನ್ ಮಾಡಿದಾಗ ಬಿಟ್ಟಲ್ಲಿಂದಲೇ ಮುಂದುವರಿಸಿದವು.

ಇಲ್ಲಿಗೆ ಬಿಡಬಹುದಿತ್ತು. ಎಲ್ಲ ಒಂದೇ ಥರ ಇರಲಿ ಅಂತ, ಆಗಲೇ ಬೀಗ ಬಿದ್ದಿದ್ದ ಒಂದರಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲ್ ತಡೆಯುವ ಸೆಟ್ಟಿಂಗ್) ಆನ್ ಮಾಡಿದೆ. ಬಿಟ್‌ಲಾಕರನ್ನು ಸಸ್ಪೆಂಡ್ (ತಾತ್ಕಾಲಿಕವಾಗಿ ತಡೆ) ಮಾಡದೆ! ಬೂಟ್ ಸೆಟ್ಟಿಂಗ್ ಬದಲಾದದ್ದು ನೋಡಿ ಟಿಪಿಎಂ ಕೀ ಬಿಡಲಿಲ್ಲ. ನೀಲಿ ಪರದೆ ಬಂತು, 48 ಅಂಕಿಯ ರಿಕವರಿ ಕೀ ಕೊಡು ಅಂತ. ಕೀಗಳನ್ನೆಲ್ಲ ಪ್ರಿಂಟ್ ತೆಗೆದಿಟ್ಟಿದ್ದೆ, ಆದರೆ ಯಾವ ಹಾಳೆ ಯಾವ ಲ್ಯಾಪ್‌ಟಾಪಿನದು ಅಂತ ಬರೆದಿರಲಿಲ್ಲ. ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರವನ್ನು ಒಂದೊಂದೇ ಹಾಳೆ ಜೊತೆ ತಾಳೆ ನೋಡಿದೆ. ಒಂಬತ್ತನೆಯದರಲ್ಲಿ ಸಿಕ್ಕಿತು.

ಹಾಳೆಗಳ ಮೇಲೆ ನಂಬರ್ ಬರೆದು, ಬೀರುವಿನಲ್ಲಿಡಿ ಅಂತ ಆಫೀಸಿನವರ ಕೈಗೆ ಕೊಟ್ಟೆ. ತಿಂಗಳು ಬಿಟ್ಟು ಪ್ರಿಂಟರ್ ನೋಡಲು ಹೋದಾಗ ಒಂದು ಲ್ಯಾಪ್‌ಟಾಪ್ ಮಗುಚಿ ನೋಡುತ್ತೇನೆ, ಅಡಿಯಲ್ಲಿ ಆ 48 ಅಂಕಿಯ ಚೀಟಿ, ಮೇಲೆ ಸೆಲ್ಲೋಟೇಪು. ಬೀಗದ ಕೈಯನ್ನು ಬೀಗಕ್ಕೇ ಕಟ್ಟಿಟ್ಟ ಹಾಗೆ. ಅಲ್ಲೇ ಕಿತ್ತೆ.