ಹಾಲಿಡೇ ಕ್ಲಬ್ ಸದಸ್ಯತ್ವ: ಸಹಿ ಹಾಕುವ ಮೊದಲು ಮನೆಯಲ್ಲಿ ಕೂತು ಮಾಡಬೇಕಾದ ಲೆಕ್ಕ

ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಕೂಪನ್ ತುಂಬಿ ಡಬ್ಬಕ್ಕೆ ಹಾಕಿರುತ್ತೀರಿ. ವಾರದೊಳಗೆ ಫೋನ್ ಬರುತ್ತದೆ: ‘ಸರ್, ನಿಮಗೆ ಗಿಫ್ಟ್ ಬಂದಿದೆ, ಭಾನುವಾರ ಮೇಡಂ ಅವರನ್ನೂ ಕರೆದುಕೊಂಡು ಹೋಟೆಲ್‌ಗೆ ಬನ್ನಿ.’ ಇಬ್ಬರೂ ಬರಲೇಬೇಕು ಎನ್ನುವುದಕ್ಕೆ ಕಾರಣವಿದೆ. ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದು ಎದ್ದು ಬರುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ.

ಹೋಗುವುದಿದ್ದರೆ ಕ್ರೆಡಿಟ್ ಕಾರ್ಡ್ ಮನೆಯಲ್ಲೇ ಬಿಟ್ಟು ಹೋಗಿ. ಒಂದೂವರೆ ಎರಡು ತಾಸು ಮಾತಾಡಿದ ಮೇಲೆ ಎದುರಿನವರು ಬಿಳಿ ಹಾಳೆಯ ಮೇಲೆ ಹಾಲಿಡೇ ಕ್ಲಬ್ ಸದಸ್ಯತ್ವದ ಬೆಲೆ 6,50,000 ಎಂದು ಬರೆಯುತ್ತಾರೆ. ನೀವು ಹಿಂಜರಿದರೆ ಅದನ್ನು ಹೊಡೆದು ಕೆಳಗೆ 5,20,000. ಆಮೇಲೆ ಮ್ಯಾನೇಜರ್ ಬಂದು ಕೂತು, ‘ಇವತ್ತು ಮಾತ್ರ’ ಎಂದು 4,00,000. ಆ ಹಾಳೆಯನ್ನು ನಿಮ್ಮ ಕೈಗೆ ಕೊಡುವುದು ಅಪರೂಪ, ಕೇಳಿ ಇಸಿದುಕೊಳ್ಳಿ. ನಾಳೆ ಸಿಗದ ದರ ಎಂಬುದು ಇಲ್ಲ. ಹದಿನೈದು ದಿನ ಬಿಟ್ಟು ನೀವೇ ಫೋನ್ ಮಾಡಿದರೂ ಅದೇ ದರಕ್ಕೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ ಕೊಡುತ್ತಾರೆ.

ಮೊದಲು: ಕೊಳ್ಳುತ್ತಿರುವುದು ಏನು?

ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಸದಸ್ಯತ್ವಗಳಲ್ಲಿ ರೆಸಾರ್ಟಿನ ಒಂದು ಇಟ್ಟಿಗೆಯೂ ನಿಮ್ಮದಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಇರುವುದಿಲ್ಲ. ವರ್ಷಕ್ಕೆ ಇಷ್ಟು ರಾತ್ರಿ, ಸಾಮಾನ್ಯವಾಗಿ 7, ಇಷ್ಟು ವರ್ಷ, ಹೆಚ್ಚಾಗಿ 10 ಅಥವಾ 25, ತಂಗುವ ಹಕ್ಕು ಅಷ್ಟೇ. ‘ಆಸ್ತಿ’, ‘ಹೂಡಿಕೆ’ ಎಂಬ ಮಾತು ಬಂದರೆ ನಂಬಬೇಡಿ. ಹಾಗಾಗಿ ಕಂಪನಿ 25 ವರ್ಷ ಬಾಳುತ್ತದೆಯೇ ಎಂಬುದೇ ದೊಡ್ಡ ಪ್ರಶ್ನೆ. ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಸ್ಥಾಪನೆಯ ದಿನಾಂಕ, ಪಾವತಿಸಿದ ಬಂಡವಾಳ ನೋಡಿ. ಎರಡು ವರ್ಷದ ಹಿಂದೆ ಒಂದು ಲಕ್ಷ ಬಂಡವಾಳದಲ್ಲಿ ಹುಟ್ಟಿದ ಕಂಪನಿ 25 ವರ್ಷದ ಮಾತು ಕೊಡುತ್ತಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಿ. ಸ್ವಂತ ರೆಸಾರ್ಟ್ ಎಷ್ಟು, ಬರೀ ಒಪ್ಪಂದದ ಹೋಟೆಲ್ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಒಪ್ಪಂದದ ಹೋಟೆಲುಗಳು ಮುಂದಿನ ವರ್ಷ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ.

ಒಂದು ರಾತ್ರಿಗೆ ಎಷ್ಟು ಬೀಳುತ್ತದೆ?

ಜನ ಎಡವುವುದು ಇಲ್ಲಿ. ನಾಲ್ಕು ಲಕ್ಷವನ್ನು 175 ರಾತ್ರಿಗೆ (ವರ್ಷಕ್ಕೆ 7ರಂತೆ 25 ವರ್ಷ) ಭಾಗಿಸಿ, ‘ರೂಮು ಬರೀ 2,286 ರೂಪಾಯಿ’ ಎಂದು ತೋರಿಸುತ್ತಾರೆ. ಆ ಲೆಕ್ಕದಲ್ಲಿ ಜಿಎಸ್‌ಟಿ ಇಲ್ಲ, ನಿರ್ವಹಣೆಗೆಂದು ಪ್ರತಿ ವರ್ಷ ಕಟ್ಟಬೇಕಾದ ವಾರ್ಷಿಕ ಶುಲ್ಕ ಇಲ್ಲ, ನಿಮ್ಮ ದುಡ್ಡಿನ ಬಡ್ಡಿ ಇಲ್ಲ.

ಉದಾಹರಣೆಗೆ, ಸದಸ್ಯತ್ವ 4,00,000. ಶೇ 18 ಜಿಎಸ್‌ಟಿ ಸೇರಿ 4,72,000. ವಾರ್ಷಿಕ ಶುಲ್ಕ 18,000. ತೆರಿಗೆ ಸೇರಿ 21,240. ಅದೇ 4,72,000 ರೂಪಾಯಿ ಬ್ಯಾಂಕಿನಲ್ಲಿ ಶೇ 7ರ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 33,040 ಬಡ್ಡಿ ಬರುತ್ತಿತ್ತು. ಎರಡೂ ಸೇರಿ 54,280. ಏಳು ರಾತ್ರಿಗೆ ಭಾಗಿಸಿದರೆ ಒಂದು ರಾತ್ರಿಗೆ 7,754. ಮಕ್ಕಳ ಪರೀಕ್ಷೆ, ರಜೆ ಸಿಗದ ಆಫೀಸು ಎಂದು ಆ ವರ್ಷ ನಾಲ್ಕೇ ರಾತ್ರಿ ಹೋದಿರೋ, 13,570. ಊಟ, ಪ್ರಯಾಣ ಬೇರೆ. ಎಫ್‌ಡಿಯ ಅಸಲು ಕೊನೆಗೆ ಕೈಗೆ ಬರುತ್ತದೆ, ಸದಸ್ಯತ್ವದ ಅಸಲು ಬರುವುದಿಲ್ಲ.

ಇನ್ನು ವಾರ್ಷಿಕ ಶುಲ್ಕ ನಿಂತಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ಶೇ 6 ಏರಿದರೂ 25 ವರ್ಷಕ್ಕೆ ಒಟ್ಟು 11.65 ಲಕ್ಷ ಆಗುತ್ತದೆ, ಅಂದರೆ ತೆರಿಗೆ ಸೇರಿದ ಸದಸ್ಯತ್ವದ ಬೆಲೆಯ ಎರಡೂವರೆ ಪಟ್ಟು ಹತ್ತಿರ. ನೀವು ಹೋಗಲಿ ಬಿಡಲಿ ಇದನ್ನು ಕಟ್ಟಬೇಕು. ಬಾಕಿ ಇದ್ದರೆ ಬುಕಿಂಗ್ ಸಿಗುವುದಿಲ್ಲ. ಏರಿಕೆಗೆ ಮಿತಿ ಕರಾರಿನಲ್ಲಿ ಇದೆಯೇ, ಇಲ್ಲ ‘ಕಂಪನಿಯ ವಿವೇಚನೆಗೆ ಬಿಟ್ಟದ್ದು’ ಎಂದಿದೆಯೇ ನೋಡಿ.

ಇಎಂಐ ಆದರೆ ಇನ್ನಷ್ಟು ದುಬಾರಿ. ಒಂದಷ್ಟು ಮುಂಗಡ ಕಟ್ಟಿ ಉಳಿದ 3,60,000 ರೂಪಾಯಿಗೆ ಶೇ 15ರಂತೆ 48 ಕಂತು ಎಂದರೆ ತಿಂಗಳಿಗೆ ಸುಮಾರು 10,020, ಬಡ್ಡಿಯೇ 1.2 ಲಕ್ಷ.

ಈಗ ನೀವು ನಿಜವಾಗಿ ಹೋಗುವ ದಿನಗಳಿಗೆ ಅದೇ ರೆಸಾರ್ಟಿನ ಅದೇ ರೂಮಿನ ಬಾಡಿಗೆ ಆನ್‌ಲೈನ್‌ನಲ್ಲಿ ನೋಡಿ ಪಕ್ಕದಲ್ಲಿ ಬರೆಯಿರಿ. ಬಾಡಿಗೆಯೂ ವರ್ಷವರ್ಷ ಏರುತ್ತದೆ ಎನ್ನುತ್ತಾರೆ. ನಿಜ, ಆದರೆ ಬೇಡವಾದ ವರ್ಷ ಬಾಡಿಗೆ ಕೊಡಬೇಕಿಲ್ಲ.

ದಿನಾಂಕದ ಪರೀಕ್ಷೆ

ಸದಸ್ಯತ್ವಗಳನ್ನು ಸೀಸನ್ ಪ್ರಕಾರ, ಕೆಲವು ಕಡೆ ಬಣ್ಣದ ಹೆಸರಿಟ್ಟು, ಮಾರುತ್ತಾರೆ. ಅಗ್ಗದ ಸೀಸನ್ ಎಂದರೆ ಮಳೆಗಾಲ, ಶಾಲೆ ನಡೆಯುವ ದಿನಗಳು. ಶಾಲೆಗೆ ಹೋಗುವ ಮಕ್ಕಳಿದ್ದರೆ ನಿಮಗೆ ಬೇಕಿರುವುದು ಏಪ್ರಿಲ್–ಮೇ, ದಸರಾ ರಜೆ, ಡಿಸೆಂಬರ್ ಕೊನೆ. ಅದು ದುಬಾರಿ ಸೀಸನ್ನೇ. ಮಾರಾಟಗಾರರಿಗೆ ಸುಮ್ಮನೆ ಹೇಳಿ: ‘ನಿಮ್ಮ ಲಾಗಿನ್ ತೆಗೆದು ದಸರಾ ರಜೆಗೆ ಮಡಿಕೇರಿ, ಮೇ ಎರಡನೇ ವಾರಕ್ಕೆ ಊಟಿ ತೋರಿಸಿ.’ ತೋರಿಸಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕಿತು. ಕರಾರಿನಲ್ಲಿ ‘ಲಭ್ಯತೆಗೆ ಒಳಪಟ್ಟು’ ಎಂಬ ಎರಡು ಪದ ಎಲ್ಲೆಲ್ಲಿ ಬಂದಿವೆ ಎಂದು ಪೆನ್ಸಿಲಿನಲ್ಲಿ ಗೆರೆ ಹಾಕಿ. ಅಷ್ಟೂ ಕಡೆ ಮಾತು ತಪ್ಪಲು ಕಂಪನಿಗೆ ದಾರಿ ಇದೆ.

ಎಷ್ಟು ಜನಕ್ಕೆ ಜಾಗ ಎಂಬುದೂ ಮುಖ್ಯ. ಸ್ಟುಡಿಯೋ ರೂಮು ಗಂಡ ಹೆಂಡತಿ, ಎರಡು ಪುಟ್ಟ ಮಕ್ಕಳಿಗೆ ಸಾಕಾದೀತು. ಅಪ್ಪ ಅಮ್ಮನನ್ನು ಕರೆದೊಯ್ದರೆ ಇನ್ನೊಂದು ರೂಮಿಗೆ ದುಡ್ಡು ಕೊಡಬೇಕು.

ಬಾಯಲ್ಲಿ ಹೇಳಿದ ಉಚಿತ ಊಟ, ವಿದೇಶ ಪ್ರವಾಸ, ‘ಬೇಡವಾದರೆ ನಾವೇ ವಾಪಸ್ ಕೊಳ್ಳುತ್ತೇವೆ’ ಇತ್ಯಾದಿಗಳನ್ನು ಕಂಪನಿಯ ಇಮೇಲ್‌ನಿಂದ ಬರೆಸಿಕೊಳ್ಳಿ. ಬಾಯಿಮಾತಿಗೆ ಕಂಪನಿ ಹೊಣೆಯಲ್ಲ ಎಂಬ ಸಾಲು ಕರಾರುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಆಗಲೇ ಸಹಿ ಹಾಕಿದ್ದರೆ

ಟೈಮ್‌ಶೇರ್‌ಗೆಂದೇ, ಅಂದರೆ ವರ್ಷಕ್ಕೆ ಇಷ್ಟು ರಾತ್ರಿ ತಂಗುವ ಇಂಥ ಸದಸ್ಯತ್ವಗಳಿಗೆಂದೇ, ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಹಾಗಾಗಿ ಕರಾರಿನ ರದ್ದತಿ ಷರತ್ತೇ ಮೊದಲ ಆಸರೆ. ಹಲವು ಕರಾರುಗಳಲ್ಲಿ 10 ದಿನದ ಅವಧಿ ಇರುತ್ತದೆ; ದುಡ್ಡು ಕಟ್ಟಿದ ದಿನದಿಂದಲೋ ಸಹಿಯ ದಿನದಿಂದಲೋ ನೋಡಿ. ಎಕ್ಸಿಕ್ಯುಟಿವ್‌ಗೆ ಫೋನ್ ಮಾಡುತ್ತಾ ಕೂತರೆ ‘ಸೋಮವಾರ ನೋಡೋಣ ಸರ್’ ಎನ್ನುತ್ತಲೇ ಅವಧಿ ಮುಗಿಸುತ್ತಾರೆ. ಅದೇ ದಿನ ಇಮೇಲ್ ಮಾಡಿ, ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್ ಹಾಕಿ, ರಸೀದಿ ಇಟ್ಟುಕೊಳ್ಳಿ. ಇಎಂಐ ಕೊಟ್ಟಿದ್ದರೆ ಬ್ಯಾಂಕಿಗೂ ಬರೆಯಿರಿ.

ಹಣ ವಾಪಸ್ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ; ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ‘ಮುಂಬೈ ನ್ಯಾಯಾಲಯದಲ್ಲಿ ಮಾತ್ರ’ ಎಂದು ಕರಾರಿನಲ್ಲಿದೆಯೆಂದು ಕೈಚೆಲ್ಲಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಉದ್ಭವಿಸಿದ 2 ವರ್ಷದೊಳಗೆ ಸಲ್ಲಿಸಬೇಕು. ಕರಾರಿನಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್) ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಹಳೆಯ ಸದಸ್ಯತ್ವ

ಪ್ರತಿ ವರ್ಷ ತಪ್ಪದೆ ಒಂದು ವಾರ ಹೋಗುವ, ಆರು ತಿಂಗಳ ಮೊದಲೇ ದಿನ ಗೊತ್ತುಮಾಡಬಲ್ಲ ಮನೆಯವರಿಗೆ ಟೈಮ್‌ಶೇರ್ ಹೊಂದುತ್ತದೆ. ಅಂಥವರು ಹೊಸದಕ್ಕಿಂತ ಮರುಮಾರಾಟದ್ದನ್ನು ನೋಡುವುದು ಒಳ್ಳೆಯದು. ಬೇಡವಾದವರು ತುಂಬ ಕಡಿಮೆ ಬೆಲೆಗೆ ಬಿಟ್ಟುಕೊಡುತ್ತಾರೆ. ಉಳಿದ ವರ್ಷ ಎಷ್ಟು, ವಾರ್ಷಿಕ ಶುಲ್ಕದ ಬಾಕಿ ಎಷ್ಟು, ವರ್ಗಾವಣೆ ಶುಲ್ಕ ಎಷ್ಟು ಎಂದು ಕಂಪನಿಯಿಂದಲೇ ಬರಹದಲ್ಲಿ ಪಡೆದು, ಹೆಸರು ವರ್ಗಾವಣೆಯಾದ ಮೇಲೆ ಪೂರ್ತಿ ಹಣ ಕೊಡಿ. ಮಾರುವವರಿಗೂ ಒಂದು ಎಚ್ಚರಿಕೆ: ‘ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ರೆಡಿ ಇದ್ದಾರೆ, ಪ್ರೊಸೆಸಿಂಗ್ ಫೀಸ್ ಮೊದಲು ಹಾಕಿ’ ಎಂಬ ಕರೆ ಬಂದರೆ ಅದು ವಂಚನೆ. ಫೋನ್ ಇಟ್ಟುಬಿಡಿ, ಹಣ ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.