ಲಿಂಗವ್ವ, ನಿಂಗವ್ವ ಮತ್ತು ಒಂದು ಷೇರು ರಿಜಿಸ್ಟರ್

ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಸದಸ್ಯರ ಎರಡು ಪಟ್ಟಿಗಳಿದ್ದವು. ಒಂದು ಹಳೆಯ ಷೇರು ರಿಜಿಸ್ಟರ್‌ನಿಂದ ಟೈಪ್ ಮಾಡಿದ್ದು, ಇನ್ನೊಂದು ದಿನವೂ ಹಾಲು ಹಾಕುವವರದು. ಎರಡನ್ನೂ ಕೂಡಿಸಿ ಒಂದು ಮಾಡಿಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಒಂದು ಭಾನುವಾರದ ಕೆಲಸ ಎಂದುಕೊಂಡೆ. ಮೂರು ತಿಂಗಳು ಹಿಡಿಯಿತು.

ಮೊದಲ ಪೆಟ್ಟು ಕಣ್ಣಿಗೆ ಕಾಣದ್ದು. ‘ಶಂಕರಪ್ಪ’ ಎರಡೂ ಪಟ್ಟಿಯಲ್ಲಿ ಒಂದೇ ರೀತಿ ಕಾಣುತ್ತಿತ್ತು, ಆದರೂ ಹೊಂದುತ್ತಿರಲಿಲ್ಲ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಗುರುತಿಸುವ ಯೂನಿಕೋಡ್ ಸಂಖ್ಯೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ಎರಡೂ ದುಂಡಗೇ ಇವೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಕೆಲವು ಹೆಸರುಗಳ ನಡುವೆ ಅಗಲವೇ ಇಲ್ಲದ, ತೆರೆಯ ಮೇಲೆ ಕಾಣದ ಜೋಡಣಾ ಚಿಹ್ನೆಗಳು ಅಡಗಿದ್ದವು. ಈ ಕಸ ಗುಡಿಸಿದ ಮೇಲೆಯೇ ನಿಜವಾದ ಕೆಲಸ ಶುರುವಾಯಿತು. ಯಾರೇ ಈ ಕೆಲಸಕ್ಕೆ ಕೈಹಾಕಿದರೂ ಮೊದಲು ಇದನ್ನೇ ಮಾಡಬೇಕು.

ಹೆಸರನ್ನು ಉಚ್ಚಾರಣೆಯ ಮೇಲೆ ಹುಡುಕಲು ಸೌಂಡೆಕ್ಸ್ ಎಂಬ ಹಳೆಯ ವಿಧಾನವಿದೆ. 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಅದಕ್ಕೆ ಪೇಟೆಂಟ್ ಪಡೆದರು. ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ ಅಂಕಿ ಕೊಡುವುದು ಅದರ ಕ್ರಮ. ಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ತಿರುಗಿಸಿ ಓಡಿಸಿದೆ. ಕಲ್ಲಪ್ಪನಿಗೆ ಕೆ410 ಬಂತು, ಕಲ್ಲವ್ವನಿಗೂ ಕೆ410! ಆ ವಿಧಾನದಲ್ಲಿ ಪ, ವ ಎರಡಕ್ಕೂ ಒಂದೇ ಅಂಕಿ. ಇತ್ತ ವೀರಪ್ಪ ಮತ್ತು ಈರಪ್ಪ ಒಬ್ಬನೇ ಆದರೂ ಮೊದಲ ಅಕ್ಷರ ಬೇರೆಯಾದ್ದರಿಂದ ಎಂದಿಗೂ ಕೂಡುವುದಿಲ್ಲ. ಇಂಗ್ಲಿಷ್ ಕಿವಿಗೆ ಮಾಡಿದ ಅಳತೆ ನಮ್ಮ ಹೆಸರುಗಳಿಗೆ ಸಲ್ಲದು.

ಆಮೇಲೆ ಲೆವೆನ್‌ಷ್ಟೈನ್ ಅಂತರ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಲೆಕ್ಕ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಕೊಟ್ಟದ್ದು. ಇದರಲ್ಲಿ ಕಲ್ಲಪ್ಪನಿಗೂ ಮಲ್ಲಪ್ಪನಿಗೂ ಅಂತರ 1. ಕೃಷ್ಣಪ್ಪನಿಗೂ ಕ್ರಿಷ್ಣಪ್ಪನಿಗೂ ಅಂತರ 3, ಏಕೆಂದರೆ ವಟ್ರಸುಳಿ ಒಂದೇ ಸಂಕೇತ, ‘ಕ್ರಿ’ಯಲ್ಲಾದರೋ ಹಲಂತ, ರ, ಗುಡಿಸು ಎಂದು ಮೂರು. ಬೇರೆ ಬೇರೆ ಮನುಷ್ಯರು ಹತ್ತಿರವಾದರು, ಒಬ್ಬನೇ ಮನುಷ್ಯ ದೂರವಾದ.

ಆಗ ಕಂಪ್ಯೂಟರ್ ಮುಚ್ಚಿ ಸಂಘದ ಕಟ್ಟೆಯ ಮೇಲೆ ಕುಳಿತೆ. ಬೆಳಗಿನ ಹಾಲಿನ ಹೊತ್ತಿನಲ್ಲಿ ಕಾರ್ಯದರ್ಶಿಗಳು ಹೆಸರು ಕೂಗುವುದನ್ನು ಕೇಳುತ್ತಾ ಬರೆದುಕೊಂಡೆ. ರಿಜಿಸ್ಟರ್‌ನಲ್ಲಿ ‘ಲಿಂಗಪ್ಪ’, ಬಾಯಲ್ಲಿ ‘ನಿಂಗಪ್ಪ’. ಬರಹದಲ್ಲಿ ‘ಯಲ್ಲವ್ವ’, ಇನ್ನೊಂದು ಕಡೆ ‘ಎಲ್ಲವ್ವ’. ಸಿದ್ಧಪ್ಪ, ಸಿದ್ದಪ್ಪ, ಶೆಟ್ಟಿ, ಸೆಟ್ಟಿ. ಈ ಟಿಪ್ಪಣಿಯೇ ನನ್ನ ನಿಯಮಗಳಾದವು. ಮಹಾಪ್ರಾಣವನ್ನು ಅಲ್ಪಪ್ರಾಣಕ್ಕೆ ಇಳಿಸಿದೆ, ಶ ಷ ಎರಡನ್ನೂ ಸ ಮಾಡಿದೆ, ಋಕಾರವನ್ನು ರಿ ಎಂದು ಬಿಡಿಸಿದೆ, ಪದದ ಆರಂಭದ ‘ಯ’ವನ್ನು ‘ಎ’ ಮಾಡಿದೆ. ಅಂತರದ ಲೆಕ್ಕದಲ್ಲಿ ಲ–ನ ಬದಲಾವಣೆಗೆ ಕಡಿಮೆ ದಂಡ, ಕ–ಮ ಬದಲಾವಣೆಗೆ ಪೂರ್ತಿ ದಂಡ. ಕೊನೆಯ ಅಪ್ಪ, ಅವ್ವಗಳನ್ನು ಬೇರೆಯಾಗಿಯೇ ಹೋಲಿಸಿದೆ. ದೀರ್ಘವನ್ನೂ ಒತ್ತನ್ನೂ ಮಾತ್ರ ಮುಟ್ಟಲಿಲ್ಲ. ಅವನ್ನು ತೆಗೆದರೆ ರಾಮಣ್ಣ ರಮಣನಾಗಿಬಿಡುತ್ತಾನೆ.

ಫಲಿತಾಂಶ ಕಂಡು ಹಿಗ್ಗಿದೆ. ಅದೇ ಹುರುಪಿನಲ್ಲಿ ಅಂತರ ತೀರ ಕಡಿಮೆ ಬಂದ ಜೋಡಿಗಳನ್ನು ತಾನಾಗಿಯೇ ಕೂಡಿಸಲು ಬಿಟ್ಟೆ. ಮುದ್ರಿಸಿದ ಪಟ್ಟಿಯನ್ನು ಕಾರ್ಯದರ್ಶಿಗಳು ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟರು. ಲಿಂಗವ್ವ, ನಿಂಗವ್ವ ಒಂದೇ ಮನೆತನದ ಹೆಸರಿನಡಿ ಒಬ್ಬರಾಗಿದ್ದರು. “ಇವರು ಅತ್ತೆ, ಇವರು ಸೊಸೆ. ಇಬ್ಬರದೂ ಬೇರೆ ಬೇರೆ ಷೇರು” ಎಂದರು. ಒಂದು ಪಟ್ಟಿಯಲ್ಲಿ ಗಂಡನ ಹೆಸರಿನ ಕಾಲಂ ಖಾಲಿ ಇತ್ತು, ಹಾಗಾಗಿ ನನ್ನ ಪ್ರೋಗ್ರಾಂಗೆ ಅವರನ್ನು ಬೇರ್ಪಡಿಸಲು ಏನೂ ಉಳಿದಿರಲಿಲ್ಲ. ಆ ಪಟ್ಟಿ ಹಾಗೆಯೇ ಹೋಗಿದ್ದರೆ ಒಬ್ಬ ಹೆಂಗಸಿನ ಷೇರು ಹಣ ಕಾಗದದಿಂದಲೇ ಮಾಯವಾಗುತ್ತಿತ್ತು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನವೇ ತಾನಾಗಿ ಕೂಡಿಸುವ ಸಾಲುಗಳನ್ನು ಅಳಿಸಿಹಾಕಿದೆ. ಈಗ ಪ್ರೋಗ್ರಾಂ ಜೋಡಿಗಳನ್ನು ಮುಂದಿಡುತ್ತದೆ, ಜೊತೆಗೆ ಯಾವ ನಿಯಮದಿಂದ ಹತ್ತಿರವಾದವು ಎಂದೂ ತೋರಿಸುತ್ತದೆ. ತಂದೆ ಅಥವಾ ಗಂಡನ ಹೆಸರು ಇಲ್ಲದಿದ್ದರೆ ಸಾಲು ಕೆಂಪಾಗುತ್ತದೆ. ಹೌದು, ಅಲ್ಲ ಎನ್ನುವವರು ಕಾರ್ಯದರ್ಶಿಗಳು. ಅವರಿಗೂ ಗೊತ್ತಾಗದ ಹದಿನೇಳು ಜೋಡಿಗಳು ಬಾಕಿ ಇವೆ. ಪಟ್ಟಿಯನ್ನು ಹಾಲಿನ ಕ್ಯಾನುಗಳ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಹಾಲು ಹಾಕಲು ಬಂದವರು ತಮ್ಮ ಹೆಸರನ್ನು ತಾವೇ ಓದಿ, ಪೆನ್ಸಿಲ್ಲಿನಿಂದ ತಿದ್ದಿ ಹೋಗುತ್ತಿದ್ದಾರೆ.