ಲಾನ್‌ಗೆ ಕಸದ ಎಣ್ಣೆ ಹೊಡೆಯುವ ಮೊದಲು ಮರದ ಕಡೆ ಒಮ್ಮೆ ನೋಡಿ

ಕಲಬುರಗಿಯ ಹೊಸ ಲೇಔಟ್‌ಗಳಲ್ಲಿ ಮನೆ ಮುಂದೆ ಸಣ್ಣ ಲಾನ್, ಮೂಲೆಯಲ್ಲಿ ಒಂದು ಬೇವೋ ಮಾವೋ ಪೇರಲವೋ ಇದ್ದೇ ಇರುತ್ತದೆ. ನಾಲ್ಕು ಮಳೆ ಬಿದ್ದರೆ ಸಾಕು, ಲಾನ್ ತುಂಬ ಕಾಂಗ್ರೆಸ್ ಕಸ. ಅಂಗಡಿಗೆ ಹೋಗಿ "ಹುಲ್ಲು ಉಳೀಬೇಕು, ಕಸ ಸಾಯಬೇಕು" ಅಂದರೆ ಹೆಚ್ಚಾಗಿ ಕೊಡೋದು 2,4-ಡಿ ಅನ್ನೋ ಕಸದ ಎಣ್ಣೆ, ಅಂದರೆ ಕಳೆನಾಶಕ. ಅಗಲ ಎಲೆಯ ಗಿಡ ಸಾಯುತ್ತದೆ, ಹುಲ್ಲಿನ ಜಾತಿ ಉಳಿಯುತ್ತದೆ. ಜೋಳಕ್ಕೆ, ಕಬ್ಬಿಗೆ ಹೊಡೆಯೋದೂ ಅದಕ್ಕೇ. ಬೇವಿನ ಎಲೆ ನೋಡೋಕೆ ಸಣ್ಣದು, ಆದರೆ ಅದೂ ಅಗಲ ಎಲೆ ಜಾತಿಯೇ. ಅಂದಮೇಲೆ ಆ ಎಣ್ಣೆಗೆ ಕಸ ಯಾವುದು, ಮರ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಮೊದಲು ಡಬ್ಬಿ ಓದಿ. 2,4-ಡಿಯಲ್ಲಿ ಸೋಡಿಯಂ ಸಾಲ್ಟ್, ಅಮೈನ್ ಸಾಲ್ಟ್, ಈಥೈಲ್ ಎಸ್ಟರ್ ಅಂತ ಮೂರು ಬಗೆ ಸಿಗುತ್ತವೆ. ಎಸ್ಟರ್ ಬೇಡವೇ ಬೇಡ. ಬಿಸಿಲಿಗೆ ಅದು ಆವಿಯಾಗಿ ಮೇಲೇಳುತ್ತದೆ, ನೀವು ಹೊಡೆದು ಮನೆಯೊಳಗೆ ಹೋದ ಮೇಲೂ ಪಕ್ಕದ ಮನೆಯ ನುಗ್ಗೆ ಗಿಡದವರೆಗೆ ಹೋಗಬಹುದು. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಂತೂ ಯಾವ ಬಗೆಯದನ್ನೂ ಹೊಡೆಯಬೇಡಿ.

ಆಮೇಲೆ ಗಾಳಿ. ಜೂನ್, ಜುಲೈನಲ್ಲಿ ಇಲ್ಲಿ ಪಶ್ಚಿಮ, ನೈಋತ್ಯದ ಗಾಳಿ ಜೋರು, ಹಾಗಾಗಿ ಲಾನಿನ ಪೂರ್ವಕ್ಕೆ ಮರ ಇದ್ದರೆ ಎಲ್ಲ ಅದರ ಮೇಲೇ. ಹಗುರ ಗಾಳಿ ಮರದಿಂದ ಆಚೆಗೆ ಬೀಸುವ ಬೆಳಗಿನ ಹೊತ್ತು ಒಳ್ಳೆಯದು. ಕೀಟದ ಎಣ್ಣೆ ಹೊಡೆಯುವ ಮಂಜಿನಂಥ ನಾಜಲ್ ತೆಗೆದು ಫ್ಲಡ್ ಜೆಟ್ ನಾಜಲ್ ಹಾಕಿ, ಪ್ರೆಶರ್ ಕಡಿಮೆ ಇಡಿ, ಮೊಣಕಾಲಿಗಿಂತ ಕೆಳಗೆ ಹಿಡಿದು ಹೊಡೆಯಿರಿ. ಹನಿ ದಪ್ಪಗಿದ್ದರೆ ದೂರ ಹಾರೋದಿಲ್ಲ. ಪಂಪ್ ಮಾತ್ರ ಬೇರೆಯೇ ಇರಲಿ. 2,4-ಡಿ ಹೊಡೆದ ಪಂಪಿನಲ್ಲೇ ಮಾವಿನ ಹೂವಿಗೆ ಔಷಧಿ ಹೊಡೆದರೆ, ಎಷ್ಟು ತೊಳೆದಿದ್ದರೂ ನನಗಂತೂ ಧೈರ್ಯ ಬರೋದಿಲ್ಲ.

ಜನ ಮರೆಯೋದು ಬೇರನ್ನು. ಮರದ ಬೇರು ನೆರಳು ಬೀಳುವ ಜಾಗಕ್ಕೇ ನಿಲ್ಲೋದಿಲ್ಲ, ಅದರಾಚೆಗೂ ಹರಡಿರುತ್ತದೆ, ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಲ್ಲೇ ಇರುತ್ತವೆ. ಎರೆ ಮಣ್ಣು ಬಿರುಕು ಬಿಟ್ಟಾಗ ಎಣ್ಣೆ ಹೊಡೆದು ಮೇಲೆ ನೀರು ಬಿಟ್ಟರೆ ಅದು ಬಿರುಕಿನಲ್ಲಿ ನೇರ ಕೆಳಗೆ ಇಳಿಯುತ್ತದೆ. ಡಬ್ಬಿ ಮೇಲೆ ಮೆಟ್‌ಸಲ್ಫ್ಯೂರಾನ್ ಅನ್ನೋ ಇನ್ನೊಂದು ಕಳೆನಾಶಕದ ಹೆಸರಿದ್ದರೆ ಇನ್ನೂ ಹುಷಾರು, ಕ್ಷಾರ ಜಾಸ್ತಿ ಇರುವ ಮಣ್ಣಲ್ಲಿ ಅದು ಬೇಗ ಹಾಳಾಗೋದಿಲ್ಲ, ನಮ್ಮ ಎರೆ ಮಣ್ಣು ಹೆಚ್ಚಾಗಿ ಅಂಥದ್ದೇ. ನನ್ನ ಪ್ರಕಾರ ಮರದ ನೆರಳಿನಲ್ಲಿ ಮತ್ತು ಅದರಾಚೆ ಒಂದೆರಡು ಮಾರು ಎಣ್ಣೆಯೇ ಬೇಡ. ಮಳೆ ಬಂದ ಮರುದಿನ ಕುರ್ಪಿ ಹಿಡಿದು ಕೂತರೆ ಕಾಂಗ್ರೆಸ್ ಕಸ ಬೇರುಸಮೇತ ಬರುತ್ತದೆ. ಹೂ ಬಿಡುವ ಮೊದಲೇ ಕೀಳಿ, ಕೈಗವಸು ಹಾಕಿಕೊಳ್ಳಿ, ಕೆಲವರಿಗೆ ಅದು ಮೈ ತುರಿಸುತ್ತದೆ. ಬುಡದ ಸುತ್ತ ಹುಲ್ಲು ತೆಗೆದು ಒಣ ಎಲೆಯನ್ನೋ ಕಬ್ಬಿನ ರವದಿಯನ್ನೋ ಹಾಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಎಣ್ಣೆ ಹೊಡೆದ ಲಾನಿನ ಕತ್ತರಿಸಿದ ಹುಲ್ಲನ್ನು ಅಲ್ಲಿಗೆ ಸುರಿಯಬೇಡಿ.

ಹುಲ್ಲು, ಕಸ ಎಲ್ಲವನ್ನೂ ಕೊಲ್ಲುವ ಗ್ಲೈಫೋಸೇಟ್ ಎಂಬ ಕಳೆನಾಶಕ ಮಣ್ಣಿಗೆ ಅಂಟಿಕೊಳ್ಳುತ್ತದೆ, ಬೇರಿಗೆ ಅಷ್ಟಾಗಿ ಹೋಗೋದಿಲ್ಲ ಅನ್ನೋದು ನಿಜ. ಆದರೆ ಎಳೆ ಮರದ ಹಸಿರು ತೊಗಟೆಗೆ, ಬುಡದ ಚಿಗುರಿಗೆ ಬಿದ್ದರೆ ಒಳಗೆ ಇಳಿಯುತ್ತದೆ. ಲಾನಿನ ಹುಲ್ಲೂ ಉಳಿಯೋದಿಲ್ಲ.

ಮರಕ್ಕೆ ಎಣ್ಣೆ ತಾಗಿದೆ ಅಂತ ತಿಳಿಯೋದು ಹೇಗೆ? 2,4-ಡಿ ಆದರೆ ಹೊಸ ಚಿಗುರು ತಿರುಚಿಕೊಳ್ಳುತ್ತದೆ, ಎಲೆ ಬಟ್ಟಲಿನಂತೆ ಮಡಚುತ್ತದೆ, ತೊಟ್ಟು ಸುರುಳಿಯಾಗುತ್ತದೆ. ನಿಂಬೆ ಎಲೆಯೊಂದೇ ಮುದುಡಿದ್ದರೆ ಹುಳ ಇರಬಹುದು. ನಿಂಬೆ, ನುಗ್ಗೆ, ಪೇರಲ ಎಲ್ಲವೂ ಲಾನಿನ ಕಡೆಯ ಮಗ್ಗುಲಲ್ಲೇ ಒಟ್ಟಿಗೆ ತಿರುಚಿದರೆ ಅದು ಎಣ್ಣೆಯದೇ ಕೆಲಸ. ಬೇವಿನ ಟೊಂಗೆಯ ತುದಿ ಸುಮ್ನೆ ಕಂದಾಗಿ ಒಣಗುತ್ತಿದ್ದರೆ ಅದು ಶಿಲೀಂಧ್ರದ ರೋಗವೂ ಆಗಿರಬಹುದು, ಪಕ್ಕದ ಮನೆಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಇದನ್ನು ನೋಡಿಕೊಳ್ಳಿ.

ಈಗಷ್ಟೇ ಎಲೆಗೆ ಸಿಡಿದಿದ್ದರೆ ಕೂಡಲೇ ಪೈಪ್ ಹಿಡಿದು ಚೆನ್ನಾಗಿ ತೊಳೆಯಿರಿ. ದಿನ ಕಳೆದಿದ್ದರೆ ತೊಳೆದು ಪ್ರಯೋಜನವಿಲ್ಲ. ಬಿಸಿಲಿದ್ದಾಗ ವಾರಕ್ಕೊಮ್ಮೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಬಿಡಿ. ಚಿಗುರಲಿ ಅಂತ ಯೂರಿಯಾ ಸುರಿಯಬೇಡಿ, ಸೊರಗಿದ ಮರಕ್ಕೆ ಅದು ಇನ್ನೊಂದು ಹೊರೆ. ಆ ವರ್ಷದ ಹಣ್ಣು ತಿನ್ನಬೇಡಿ. ಒಣಗಿದಂತೆ ಕಂಡ ಟೊಂಗೆಯನ್ನೂ ಈಗಲೇ ಕಡಿಯಬೇಡಿ. ಮುಂದಿನ ಚಿಗುರು ಬರಲಿ, ಆಗ ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಬಿಡಿ, ಕಂದಾಗಿದ್ದರೆ ಕಡಿಯಿರಿ.